ಮೂರು ಮೆಟ್ಟಿಲಿನ ನಾಡು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯಲ್ಲಿ ನಿಂತು ಮಾತನಾಡುವುದು ಸುಲಭವಲ್ಲ. ಇಲ್ಲಿಯೇ ಅ ಆ ಇ ಈ ತಿದ್ದಿದವರು ನಾವು. ಏನು ಹೇಳಿದರೂ ಗುರುಗಳ ಮುಂದೆ ಪಾಠ ಒಪ್ಪಿಸುತ್ತಿರುವಂತೆಯೇ ಭಾಸವಾಗುತ್ತದೆ. ಆದುದರಿಂದ ಈ ದಿನ ಒಂದು ಪಾಠವನ್ನೇ ಒಪ್ಪಿಸೋಣವೆಂದು ನಿಶ್ಚಯಿಸಿದ್ದೇವೆ. ಅದು ಭೂಗೋಳದ ಪಾಠ.

ಆ ಪಾಠ ನಮ್ಮೆಲ್ಲರಿಗೂ ನೆನಪಿದೆ. ಭಾರತವು ವೈವಿಧ್ಯಮಯ ವಾಯುಗುಣವುಳ್ಳ ದೇಶ. ಉತ್ತರದಲ್ಲಿ ಹಿಮಾಲಯ, ಪಶ್ಚಿಮದಲ್ಲಿ ಥಾರ್ ಮರುಭೂಮಿ, ಈಶಾನ್ಯದಲ್ಲಿ ಮಳೆಯ ಚಿರಾಪುಂಜಿ. ಗೋಡೆಯ ಮೇಲಿನ ನಕ್ಷೆಯಲ್ಲಿ ಅವನ್ನೆಲ್ಲ ಕೋಲಿನಿಂದ ಮುಟ್ಟಿ ತೋರಿಸಿದೆವು, ಅಂಕವನ್ನೂ ಪಡೆದೆವು. ಆದರೆ ವಾಯುಗುಣವೆಂಬುದು ಎಲ್ಲೋ ದೂರದಲ್ಲಿರುವ ವಸ್ತು, ನಮ್ಮೂರಿನಲ್ಲಿರುವುದು ಬರಿಯ ಬಿಸಿಲು, ಬರಿಯ ಮಳೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಉಳಿದುಹೋಯಿತು. ಆ ದೊಡ್ಡ ಪಾಠವೆಲ್ಲವೂ ಹೊಸೂರು–ಕೃಷ್ಣಗಿರಿಗಳ ನಡುವಣ ನೆಲದಲ್ಲಿಯೇ ಬರೆದಿದೆ ಎಂಬುದನ್ನು ತೋರಿಸುವುದೇ ಈ ಉಪನ್ಯಾಸದ ಉದ್ದೇಶ.

ದೇಶದ ವಾಯುಗುಣ ಒಂದೊಂದು ಕಡೆ ಒಂದೊಂದು ಬಗೆಯಾಗಿರಲು ಕಾರಣಗಳು ಬಹಳವೇನಿಲ್ಲ. ನೆಲದ ಎತ್ತರ, ಸಮುದ್ರದಿಂದ ಇರುವ ದೂರ, ಗಾಳಿ ಬೀಸುವ ದಿಕ್ಕು, ಆ ಗಾಳಿಗೆ ಅಡ್ಡಲಾಗಿ ನಿಂತ ಬೆಟ್ಟಸಾಲು, ಈ ನಾಲ್ಕೇ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವುದಕ್ಕೂ ಜೈಸಲ್ಮೇರಿನಲ್ಲಿ 200 ಮಿಲಿಮೀಟರೂ ಬೀಳದಿರುವುದಕ್ಕೂ ಇವೇ ಕಾರಣ. ಇವುಗಳಲ್ಲಿ ಮೊದಲನೆಯದಾದ ಎತ್ತರವು ನಮ್ಮ ನಾಡಿನಲ್ಲಿ ಮಾಡಿರುವ ಕೆಲಸ ಅಚ್ಚರಿ ಹುಟ್ಟಿಸುವಂಥದ್ದು.

ಈ ಶಾಲೆ ಆರಂಭವಾದ ಕಾಲದಲ್ಲಿ ಈ ಸೀಮೆಯೆಲ್ಲವೂ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಹಳೆಯ ಸೇಲಂ ಜಿಲ್ಲೆಯನ್ನು ವರ್ಣಿಸುವಾಗ ಅಂದಿನ ಅಧಿಕಾರಿಗಳು ಅದನ್ನು ಮೂರು ಭಾಗ ಮಾಡುತ್ತಿದ್ದರು. ಸೇಲಂ ಪಟ್ಟಣದ ಸುತ್ತಲಿನ ತಗ್ಗು ನೆಲ ತಲಘಾಟ್. ಕೃಷ್ಣಗಿರಿ, ಧರ್ಮಪುರಿಗಳ ಮಧ್ಯದ ನೆಲ ಬಾರಾಮಹಲ್. ಹೊಸೂರು, ಡೆಂಕಣಿಕೋಟೆಗಳಿರುವ ಮೇಲಿನ ನೆಲ ಬಾಲಾಘಾಟ್, ಎಂದರೆ ಘಟ್ಟದ ಮೇಲಣ ಸೀಮೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಟಿಪ್ಪುವಿನ ಕೈಯಿಂದ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ಹೊಸೂರು ಸೀಮೆ ಹೋದದ್ದು 1799ರಲ್ಲಿ, ಟಿಪ್ಪುವಿನ ಮರಣದ ಬಳಿಕ. ನೆಲದ ಮೆಟ್ಟಿಲು ಇತಿಹಾಸದ ಮೆಟ್ಟಿಲೂ ಆಗಿತ್ತೆಂಬುದನ್ನು ಈ ಏಳು ವರ್ಷಗಳ ಅಂತರ ತೋರಿಸುತ್ತದೆ.

ಈ ಮೆಟ್ಟಿಲನ್ನು ಕಾಣಲು ಪುಸ್ತಕ ಬೇಡ, ಬಸ್ಸಿನ ಟಿಕೇಟು ಸಾಕು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಬೆಂಗಳೂರಿನ ನೆಲದ್ದೇ ಮುಂದುವರಿಕೆ. ಕೃಷ್ಣಗಿರಿ ಸುಮಾರು 500 ಮೀಟರ್. ಎರಡರ ನಡುವಣ ದಾರಿ ಸುಮಾರು 50 ಕಿಲೋಮೀಟರ್. ಶೂಲಗಿರಿಯನ್ನು ದಾಟಿ ಮೇಲುಮಲೆಯ ಬಳಿ ಬಸ್ಸು ಇಳಿಜಾರಿಗೆ ತಿರುಗಿದಾಗ ಕಿಟಕಿಯ ಗಾಳಿಯೇ ಬದಲಾಗುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆಂಬ ಲೆಕ್ಕವನ್ನು ಹಿಡಿದರೆ, ಈ 400 ಮೀಟರಿನ ಇಳಿತಕ್ಕೆ ಎರಡೂವರೆ ಡಿಗ್ರಿಯಷ್ಟು ವ್ಯತ್ಯಾಸವಾಗಬೇಕು. ಎರಡೂವರೆ ಡಿಗ್ರಿ ಅಲ್ಪವೆಂದು ತೋರಬಹುದು. ಆದರೆ ಗುಲಾಬಿಯ ಮೊಗ್ಗಿಗೆ ಅದು ಅಲ್ಪವಲ್ಲ, ಮಾವಿನ ಮರಕ್ಕೂ ಅಲ್ಪವಲ್ಲ.

ಗುಲಾಬಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಹೊಸೂರು, ಬಾಗಲೂರು, ಬೇರಿಕೆ, ತಳಿ, ಕೆಳಮಂಗಲಗಳ ಕಡೆ ಹೊರಟರೆ ಹೊಲಗಳ ನಡುವೆ ಬೆಳ್ಳಗೆ ಹೊಳೆಯುವ ಪಾಲಿಹೌಸುಗಳು ಸಾಲುಸಾಲಾಗಿ ಕಾಣುತ್ತವೆ. ಹಗಲು ಹಿತವಾದ ಬಿಸಿಲು, ಇರುಳು ತಂಪು, ಚಳಿಗಾಲದಲ್ಲಿಯೂ ಹಿಮದ ಭಯವಿಲ್ಲ. ಉದ್ದ ಕಾಂಡದ ಗುಲಾಬಿಗೆ ಬೇಕಾದುದು ಇಷ್ಟೇ. ಫೆಬ್ರವರಿ ತಿಂಗಳಿನಲ್ಲಿ ಇಲ್ಲಿಂದ ಹೂವು ವಿಮಾನವೇರಿ ಹೊರದೇಶಗಳಿಗೆ ಹೋಗುತ್ತದೆ. ತಳಿಯನ್ನು ಬ್ರಿಟಿಷರು ಲಿಟ್ಲ್ ಇಂಗ್ಲೆಂಡ್ ಎಂದು ಕರೆಯುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ 1824ರಲ್ಲಿ ಕಂಪನಿಯವರು ಸೈನ್ಯದ ಕುದುರೆಗಳನ್ನು ಬೆಳೆಸಲು ತೆರೆದ ಕ್ಷೇತ್ರವು ಮುಂದೆ ಜಾನುವಾರು ಕ್ಷೇತ್ರವಾಗಿ ಎರಡು ಶತಮಾನ ಬಾಳಿದೆ. ಹೂವಿಗೂ ಕುದುರೆಗೂ ಒಗ್ಗುವ ಹವೆ ಇದು.

ಘಟ್ಟವಿಳಿದೊಡನೆ ಗುಲಾಬಿ ಹಿಂದಕ್ಕೆ ಸರಿಯುತ್ತದೆ, ಮಾವು ಮುಂದೆ ಬರುತ್ತದೆ. ಕೃಷ್ಣಗಿರಿ, ಕಾವೇರಿಪಟ್ಟಣ, ಬರಗೂರು, ಸಂತೂರುಗಳ ಸುತ್ತ ಕಣ್ಣು ಹಾಯುವವರೆಗೂ ಮಾವಿನ ತೋಪು. ಹೂ ಬಿಡುವ ಕಾಲಕ್ಕೆ ಒಣಹವೆ, ಕಾಯಿ ಬಲಿಯುವ ಕಾಲಕ್ಕೆ ಕಡುಬಿಸಿಲು, ಇವೆರಡೂ ಮಾವಿಗೆ ಬೇಕು. ಇವೆರಡೂ ಈ ಎರಡನೆಯ ಮೆಟ್ಟಿಲಿನಲ್ಲಿ ಧಾರಾಳವಾಗಿವೆ. ಇಲ್ಲಿನ ಮುಖ್ಯ ತಳಿಯಾದ ತೋತಾಪುರಿಯನ್ನು ತಮಿಳಿನಲ್ಲಿ ಬೆಂಗಳೂರಾ ಎಂದು ಕರೆಯುತ್ತಾರೆ. ಹೆಸರು ಘಟ್ಟದ ಮೇಲಿನ ಊರಿನದು, ಫಸಲು ಘಟ್ಟದ ಕೆಳಗಿನದು. ಈ ಹಣ್ಣಿನ ತಿರುಳನ್ನು ಡಬ್ಬಿಗಳಲ್ಲಿ ತುಂಬಿ ಕಳುಹಿಸುವ ಕಾರ್ಖಾನೆಗಳಿಂದ ಕೃಷ್ಣಗಿರಿಯ ಹೆಸರು ಸಮುದ್ರದಾಚೆಗೂ ಹೋಗಿದೆ.

ಎರಡು ಮೆಟ್ಟಿಲಿಗೂ ಸಾಮಾನ್ಯವಾದುದು ರಾಗಿ. ಎತ್ತರದ ಕೆಂಪುಮಣ್ಣಿನಲ್ಲಿ ಅದು ಬೆಳೆಯುವಷ್ಟು ಚೆನ್ನಾಗಿ ಬೇರಾವುದೂ ಬೆಳೆಯದು. ಮಳೆ ಕೈಕೊಟ್ಟರೂ ಒಂದಿಷ್ಟು ಕೊಟ್ಟೇ ತೀರುವ, ಕಣಜದಲ್ಲಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದ ಧಾನ್ಯವದು. ನಮ್ಮ ಮನೆಗಳ ಮುದ್ದೆ ಈ ಮಣ್ಣಿನ, ಈ ಮಳೆಯ ಲೆಕ್ಕಾಚಾರದಿಂದಲೇ ಹುಟ್ಟಿದುದು.

ಮಳೆಯ ವಿಷಯಕ್ಕೆ ಬಂದರೆ ನಮ್ಮ ಸೀಮೆ ಎರಡು ಮನೆಯ ನೆಂಟ. ಮುಂಗಾರು ಗಾಳಿ ಅರಬ್ಬೀ ಸಮುದ್ರದಿಂದ ಬರುವಾಗ ಪಶ್ಚಿಮಘಟ್ಟದಲ್ಲಿಯೇ ತನ್ನ ಹೊರೆಯನ್ನು ಇಳಿಸಿಬಿಡುತ್ತದೆ; ನಮಗೆ ಸಿಗುವುದು ಮಿಕ್ಕ ಮೋಡ. ಹಿಂಗಾರು ಬಂಗಾಳಕೊಲ್ಲಿಯಿಂದ ಬರುವಾಗ ಕರಾವಳಿಯಲ್ಲಿ, ಬಯಲಿನಲ್ಲಿ ಸುರಿದು, ಮೆಟ್ಟಿಲೇರಿ ಬರುವ ವೇಳೆಗೆ ದಣಿದಿರುತ್ತದೆ. ಎರಡರ ತುದಿಯೂ ನಮ್ಮನ್ನು ಮುಟ್ಟುತ್ತದೆ, ಎರಡರ ನಡುವೂ ಮುಟ್ಟುವುದಿಲ್ಲ. ಹೊಸೂರಿನ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಹೆಚ್ಚಿನ ಮಳೆ. ಜಿಲ್ಲೆಗೆ ವರ್ಷದಲ್ಲಿ ಬೀಳುವುದು 800 ಮಿಲಿಮೀಟರಿನ ಆಸುಪಾಸು, ಅಂದರೆ ಆಗುಂಬೆಯ ಒಂಬತ್ತನೆಯ ಒಂದು ಪಾಲಿಗಿಂತ ಹೆಚ್ಚಲ್ಲ.

ಇಷ್ಟು ಕಡಿಮೆ ಮಳೆಯ ಮೇಲೆ ಬದುಕಿದವರು ಮಳೆಯನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿರಬೇಕೆಂದು ಯೋಚಿಸಿರಿ. ನಮ್ಮ ಅಜ್ಜಂದಿರು ಮಳೆ ಎಂದು ಸುಮ್ಮನೆ ಹೇಳುತ್ತಿರಲಿಲ್ಲ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಹೆಸರು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆಯೆಂಬ ನಂಬಿಕೆ. ಯಾವ ಮಳೆಗೆ ಉಳಬೇಕು, ಯಾವ ಮಳೆಗೆ ಬಿತ್ತಬೇಕು ಎಂಬುದೆಲ್ಲವೂ ಆ ಹೆಸರುಗಳಲ್ಲಿ ಅಡಗಿತ್ತು. ಅವರು ಶಾಲೆಗೆ ಹೋಗಿರಲಿಲ್ಲ. ಆದರೆ ಅವರ ಬಾಯಲ್ಲಿ ಒಂದು ಕೃಷಿ ಪಂಚಾಂಗವೇ ಇತ್ತು.

ಈ ಅಲ್ಪ ಮಳೆ ಕೆಲವೊಮ್ಮೆ ರುದ್ರರೂಪವನ್ನೂ ತಾಳುತ್ತದೆ. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತ ಕರಾವಳಿಯನ್ನು ದಾಟಿ ಒಳನಾಡಿಗೆ ಸರಿದಾಗ, ನಮ್ಮ ಜಿಲ್ಲೆಯ ಪೂರ್ವಭಾಗದ ಊತ್ತಂಗರೆಯಲ್ಲಿ ಒಂದೇ ದಿನದ ಅಳತೆ 500 ಮಿಲಿಮೀಟರನ್ನು ಮುಟ್ಟಿತು. ವರ್ಷವಿಡೀ ಬೀಳಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಹಗಲು ಒಂದು ಇರುಳಿನಲ್ಲಿ ಬಿದ್ದಿತು. ಕೆರೆ ಉಕ್ಕಿ, ರಸ್ತೆಬದಿಯಲ್ಲಿ ನಿಂತಿದ್ದ ವಾಹನಗಳು ನೀರಿನೊಡನೆ ಹೋದುದನ್ನು ನಾವೆಲ್ಲ ದೂರದರ್ಶನದಲ್ಲಿ ಕಂಡೆವು.

ಇಂಥ ಮಳೆಯನ್ನು ಪಳಗಿಸಲು ಹಿರಿಯರು ಕಂಡುಕೊಂಡ ಉಪಾಯವೇ ಕೆರೆ. ನಮ್ಮ ಕಾಲಡಿಯಲ್ಲಿರುವುದು ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯ ಗಟ್ಟಿ ಶಿಲೆ. ಕೃಷ್ಣಗಿರಿಯ ದುರ್ಗ, ರಾಯಕೋಟೆಯ ದುರ್ಗ, ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ, ಎಲ್ಲವೂ ನೆಲವನ್ನು ಒಡೆದು ಎದ್ದುನಿಂತ ಕಲ್ಲೇ. ಈ ಕಲ್ಲು ನೀರನ್ನು ಸುಲಭವಾಗಿ ಕುಡಿಯುವುದಿಲ್ಲ. ಆದುದರಿಂದ ಬಿದ್ದ ನೀರನ್ನು ತಗ್ಗಿನಲ್ಲಿ ತಡೆದು ನಿಲ್ಲಿಸಬೇಕಾಯಿತು. ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗಬೇಕು. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರೆಂದು ಅಳೆದು ಬಿಡಲು ನೀರುಗಂಟಿಯಿರುತ್ತಿದ್ದನು. ಊರ ಹೆಸರುಗಳಲ್ಲಿಯೂ ಆ ನೀರು ನಿಂತಿದೆ. ಗಡಿಯಾಚೆಯ ಬೊಮ್ಮಸಂದ್ರದಲ್ಲಿಯೂ ಈಚೆಯ ಮಲ್ಲಸಂದ್ರದಲ್ಲಿಯೂ ಇರುವ ಸಂದ್ರವೆಂಬುದು ಸಮುದ್ರವೇ. ಕೆರೆಯನ್ನು ಕಟ್ಟಿದವರು ಪ್ರೀತಿಯಿಂದ ಅದನ್ನು ಸಮುದ್ರವೆಂದರು. ಮಲ್ಲಸಂದ್ರದ ಬೆಟ್ಟದ ಮೇಲಿರುವ ಕಲ್ಲುಮನೆಗಳಂಥ ಬೃಹತ್ ಶಿಲಾಸಮಾಧಿಗಳು ಈ ನೆಲದಲ್ಲಿ ಮನುಷ್ಯ ಎಷ್ಟು ಹಿಂದೆಯೇ ನೆಲೆಯೂರಿದ್ದನೆಂಬುದಕ್ಕೆ ಸಾಕ್ಷಿ.

ನಮ್ಮ ದೊಡ್ಡ ನದಿ ದಕ್ಷಿಣ ಪಿನಾಕಿನಿ, ತಮಿಳಿನಲ್ಲಿ ತೆನ್‌ಪೆಣ್ಣೈ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯ ಮೇಲೆ ಹಾದು, ಬಾಗಲೂರಿನ ಕಡೆಯಿಂದ ನಮ್ಮ ನೆಲಕ್ಕೆ ಕಾಲಿಡುತ್ತಾಳೆ. ಕೆಲವರಪಲ್ಲಿ ಅಣೆಕಟ್ಟಿನಲ್ಲಿ ತಂಗಿ, ಮೆಟ್ಟಿಲಿಳಿದು, 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟನ್ನು ತುಂಬಿ, ಸುಮಾರು 400 ಕಿಲೋಮೀಟರ್ ನಡೆದು ಕಡಲೂರಿನ ಬಳಿ ಸಮುದ್ರ ಸೇರುತ್ತಾಳೆ. ಹಾದಿಯಲ್ಲಿ ಮೂರು ಭಾಷೆ ಕೇಳುತ್ತಾಳೆ, ಯಾವ ಭಾಷೆಯವರನ್ನೂ ಬೇರೆ ಮಾಡುವುದಿಲ್ಲ.

ಇನ್ನು ದಕ್ಷಿಣಕ್ಕೆ ತಿರುಗೋಣ. ಡೆಂಕಣಿಕೋಟೆಯ ಬೇಟೆರಾಯಸ್ವಾಮಿ ಕಾಡಿನ ಬಾಗಿಲಲ್ಲಿ ನಿಂತ ದೇವರು. ಅಲ್ಲಿಂದಾಚೆಗೆ ಮೇಲಗಿರಿಯ ಬೆಟ್ಟಸಾಲು. ಸಾವಿರ ಮೀಟರಿಗೂ ಎತ್ತರದ ಶಿಖರಗಳಿಂದ ನೆಲ ಅಂಚೆಟ್ಟಿಯ ಕಣಿವೆಗಿಳಿದು, ಕೊನೆಗೆ ಕಾವೇರಿಯ ದಡದಲ್ಲಿ 300 ಮೀಟರಿನ ಸುತ್ತಮುತ್ತಲಿಗೆ ಬರುತ್ತದೆ. ಒಂದೇ ತಾಲ್ಲೂಕಿನಷ್ಟು ನೆಲದಲ್ಲಿ ಎಲೆ ಉದುರಿಸುವ ಕಾಡು, ಮುಳ್ಳುಕಂಟಿಯ ಕುರುಚಲು, ಹೊಳೆದಂಡೆಯ ಭಾರಿ ಹೊಳೆಮತ್ತಿ ಮರಗಳು, ಎಲ್ಲವೂ ಇವೆ. ಆ ಮರಗಳ ಮೇಲೆ ಬೂದುಬಣ್ಣದ ದೊಡ್ಡ ಅಳಿಲು, ಕೆಳಗೆ ನೀರಿನಲ್ಲಿ ನೀರುನಾಯಿ ಮತ್ತು ಮೊಸಳೆ, ಒಣಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ. ಈ ಕಾಡಿನ ಒಂದು ಭಾಗ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವಾಯಿತು. 2022ರಲ್ಲಿ ಸುಮಾರು 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಧಾಮ ಅದಕ್ಕೆ ಜೊತೆಯಾಯಿತು. ಕರ್ನಾಟಕದ ಕಾವೇರಿ ವನ್ಯಧಾಮ ಮತ್ತು ಬನ್ನೇರುಘಟ್ಟದ ಕಾಡಿನೊಡನೆ ಸೇರಿ ಇದೊಂದು ದೊಡ್ಡ ಹಸಿರು ಹಾಸು.

ಇಲ್ಲಿ ಹರಿಯುವ ಒಂದು ಹೊಳೆಯ ಹೆಸರು ದೊಡ್ಡಹಳ್ಳ. ಇಂದಿನ ಧರ್ಮಪುರಿ ಜಿಲ್ಲೆಯಲ್ಲಿ, ಕಾವೇರಿ ಕಲ್ಲಿಗೆ ಅಪ್ಪಳಿಸಿ ತುಂತುರೆಬ್ಬಿಸುವ ತಾಣದ ಹೆಸರು ಹೊಗೆನಕಲ್ಲು. ಯಾವ ಭಾಷೆಯ ಫಲಕದಲ್ಲಿ ಬರೆದರೂ ಆ ಹೆಸರು ಕನ್ನಡದಲ್ಲಿಯೇ ತನ್ನ ಅರ್ಥವನ್ನು ಹೇಳುತ್ತದೆ: ಹೊಗೆಯಾಡುವ ಕಲ್ಲು.

ಇಷ್ಟನ್ನು ಹೇಳಿ ಕುಳಿತುಕೊಂಡರೆ ಇದು ಪ್ರವಾಸಿಗರ ಕೈಪಿಡಿಯಾದೀತು. ಆದರೆ ಶಾಲೆಯಲ್ಲಿ ನಿಂತವರು ನೋವಿನ ಮಾತನ್ನೂ ಹೇಳಬೇಕು. ಬೆಂಗಳೂರಿನ ಕೊಳಚೆಯನ್ನು ಹೊತ್ತು ಬರುವ ಪಿನಾಕಿನಿ ಕೆಲವರಪಲ್ಲಿಯಲ್ಲಿ ನೊರೆ ಕಕ್ಕುವುದನ್ನು ಇಂದು ಮಕ್ಕಳು ನಿಂತು ನೋಡುತ್ತಾರೆ. ನೊರೆಯನ್ನು ಹಿಮವೆಂದು ತಿಳಿದು ಕೈಯಲ್ಲಿ ಹಿಡಿಯಲು ಹೋದ ಮಗುವನ್ನು ನಾವೇ ಹಿಂದಕ್ಕೆಳೆದಿದ್ದೇವೆ. ರಾಗಿ ತೆನೆಗಟ್ಟುವ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಬನ್ನೇರುಘಟ್ಟ, ಜವಳಗಿರಿಗಳ ಕಡೆಯಿಂದ ಆನೆಗಳು ತಳಿ, ಡೆಂಕಣಿಕೋಟೆಗಳ ಮೂಲಕ ಸಾನಮಾವಿನವರೆಗೂ ಬರುತ್ತವೆ. ಆ ದಾರಿ ಅವುಗಳ ಪೂರ್ವಿಕರದು. ಅದರ ಮೇಲೆ ಹೆದ್ದಾರಿ ಹಾಸಿದವರು, ಬೇಲಿ ಕಟ್ಟಿದವರು ನಾವು. ಅಟ್ಟಣೆಯ ಮೇಲೆ ಇರುಳೆಲ್ಲ ಕಾದು, ಬೆಳಗ್ಗೆ ತುಳಿದುಹೋದ ಹೊಲವನ್ನು ನೋಡುವ ರೈತನ ಸಂಕಟವೂ ಸುಳ್ಳಲ್ಲ. ಮನುಷ್ಯರೂ ಸಾಯುತ್ತಿದ್ದಾರೆ, ಆನೆಗಳೂ ಸಾಯುತ್ತಿವೆ. ಇಬ್ಬರ ಪರವಾಗಿಯೂ ಮಾತನಾಡಬಲ್ಲವರು ಈ ನೆಲವನ್ನು ಬಲ್ಲವರು ಮಾತ್ರ.

ಆ ಬಲ್ಲತನ ಎಲ್ಲಿಂದ ಬರಬೇಕು? ನಮ್ಮ ಉತ್ತರ ಸರಳವಾದುದು: ಹೆಸರುಗಳಿಂದ. ಹಳ್ಳ, ಕುಂಟೆ, ಕಟ್ಟೆ, ಕೋಡಿ, ತೂಬು, ಗುಡ್ಡ, ದಿಣ್ಣೆ ಎಂಬ ಮಾತುಗಳು ಬರಿಯ ಶಬ್ದಗಳಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂಬುದರ ಸೂಚನೆಗಳು. ಕುಂಟೆಯೆಂಬ ಹೆಸರುಳ್ಳ ಜಾಗದಲ್ಲಿ ಮನೆ ಕಟ್ಟಿದವನಿಗೆ ಆ ಮಾತಿನ ಅರ್ಥ ತಿಳಿದಿದ್ದರೆ, ಮಳೆಗಾಲದಲ್ಲಿ ಹೊಸ್ತಿಲಿಗೆ ನೀರು ಬಂದಾಗ ಬೆರಗಾಗುತ್ತಿರಲಿಲ್ಲ. ಹೆಸರು ಮರೆತ ಮೇಲೆ ಕೆರೆ ನಿವೇಶನವಾಗಲು ಬಹಳ ಕಾಲ ಬೇಕಾಗುವುದಿಲ್ಲ.

ಇಲ್ಲಿಯೇ ಕನ್ನಡ ಶಾಲೆಯ ಕೆಲಸವಿದೆ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆಯೆಂಬುದು ಇಲ್ಲಿ ಕುಳಿತಿರುವ ಎಲ್ಲರ ಚಿಂತೆ. ಕನ್ನಡ ಕಲಿತರೆ ಏನು ಪ್ರಯೋಜನವೆಂದು ಕೇಳುವ ತಂದೆತಾಯಿಗಳಿದ್ದಾರೆ. ಆ ಪ್ರಶ್ನೆ ತಪ್ಪಲ್ಲ. ತಮಿಳು ಈ ರಾಜ್ಯದ ನುಡಿ, ಅದನ್ನು ಪ್ರೀತಿಯಿಂದ ಕಲಿಯಬೇಕು. ತೆಲುಗು ಅರ್ಧ ಊರಿನ ಮನೆಮಾತು. ಇಂಗ್ಲಿಷ್ ಉದ್ಯೋಗಕ್ಕೆ ಬೇಕು. ಆದರೆ ಈ ನೆಲದ ಹಳ್ಳಕೊಳ್ಳಗಳಲ್ಲಿ ಬಹಳಷ್ಟು ತಮ್ಮ ಗುಟ್ಟನ್ನು ಕನ್ನಡದಲ್ಲಿ ಹೇಳುತ್ತಿವೆ. ಅದನ್ನು ಕೇಳಿಸಿಕೊಳ್ಳಬಲ್ಲ ಮಗು ಊರಿಗೆ ಬೇಕೆ, ಬೇಡವೆ? ನಮ್ಮ ಮರುಪ್ರಶ್ನೆ ಇಷ್ಟೇ.

ಆದುದರಿಂದ ಶತಮಾನೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳ ಪರವಾಗಿ ಮೂರು ವಿನಂತಿಗಳನ್ನು ಮುಂದಿಡುತ್ತೇವೆ. ಮೂರು ಮೆಟ್ಟಿಲಿಗೆ ಮೂರು.

ಮೊದಲನೆಯದು, ಮಳೆಯ ಪುಸ್ತಕ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನು ನಿಲ್ಲಿಸೋಣ. ಅದರ ಖರ್ಚು ನಮ್ಮದು. ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಒಬ್ಬ ವಿದ್ಯಾರ್ಥಿ ಅಳತೆ ನೋಡಿ ಬರೆಯಲಿ. ದಿನಾಂಕದ ಪಕ್ಕದಲ್ಲಿ ಅದು ಯಾವ ನಕ್ಷತ್ರದ ಮಳೆಯೆಂಬುದನ್ನೂ ಬರೆಯಲಿ. ಹತ್ತು ವರ್ಷ ಬರೆದರೆ ಅದು ಊರಿನ ಆಸ್ತಿ. ನೂರು ವರ್ಷ ಬರೆದರೆ ದೇಶದ ಆಸ್ತಿ. ಈ ಶಾಲೆ ಆರಂಭವಾದ ದಿನದಿಂದಲೇ ಯಾರಾದರೂ ಹಾಗೆ ಬರೆದಿಟ್ಟಿದ್ದರೆ, ಮಳೆ ಬದಲಾಗಿದೆಯೆ ಎಂಬ ಇಂದಿನ ಚರ್ಚೆಗೆ ನಮ್ಮ ಕಪಾಟಿನಲ್ಲಿಯೇ ಉತ್ತರವಿರುತ್ತಿತ್ತು.

ಎರಡನೆಯದು, ಕೆರೆಯ ಪುಸ್ತಕ. ಸುತ್ತಲಿನ ಊರುಗಳ ಕೆರೆ, ಕುಂಟೆ, ಹಳ್ಳಗಳ ಹೆಸರನ್ನು ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಬರೆದು ತರಲಿ. ಕೋಡಿ ಯಾವ ದಿಕ್ಕಿಗೆ, ನೀರು ಯಾವ ಕೆರೆಗೆ ಎಂಬುದನ್ನು ಸೇರಿಸಲಿ. ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ಹೆಸರನ್ನು ದಾಖಲಿಸಲಿ. ಹೇಳಬಲ್ಲವರು ದಿನದಿನಕ್ಕೆ ಕಡಿಮೆಯಾಗುತ್ತಿರುವುದರಿಂದ ಇದನ್ನು ಮುಂದಿನ ವರ್ಷಕ್ಕೆ ಬಿಡುವಂತಿಲ್ಲ.

ಮೂರನೆಯದು, ಪ್ರವಾಸ. ಮಕ್ಕಳನ್ನು ಮೈಸೂರಿಗೆ, ಊಟಿಗೆ ಕರೆದೊಯ್ಯುವುದಕ್ಕೆ ಮುಂಚೆ ಒಮ್ಮೆ ಈ ಮೆಟ್ಟಿಲುಗಳ ಮೇಲೆ ಕರೆದೊಯ್ಯಿರಿ. ಒಂದೇ ದಿನ ಸಾಕು. ಬೆಳಗ್ಗೆ ಗುಲಾಬಿಯ ತೋಟ, ಮಧ್ಯಾಹ್ನ ಮಾವಿನ ತೋಪು, ಸಂಜೆ ಅಣೆಕಟ್ಟಿನ ದಂಡೆ. ಒಂದು ಉಷ್ಣಮಾಪಕವನ್ನು ಕೈಯಲ್ಲಿ ಕೊಟ್ಟರೆ, ಎತ್ತರ ತಗ್ಗಿದಂತೆ ಪಾದರಸ ಏರುವುದನ್ನು ಅವರೇ ಕಾಣುತ್ತಾರೆ. ಹಾಗೆ ಕಂಡ ಮಗು ಹಿಮಾಲಯದ ಪಾಠವನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ, ಅದಕ್ಕೆ ಅರ್ಥವಾಗುತ್ತದೆ.

ಗುರುಗಳೇ, ನಾವು ಒಪ್ಪಿಸಿದ ಪಾಠದಲ್ಲಿ ತಪ್ಪಿದ್ದರೆ ಹಿಂದಿನಂತೆಯೇ ತಿದ್ದಿರಿ. ನಕ್ಷೆಯ ಮೇಲೆ ಕೋಲಿಟ್ಟು ದೂರದ ಮಲೆಗಳನ್ನು ತೋರಿಸಿದ ನಿಮ್ಮ ಕೈ ನಮಗೆ ಜಗತ್ತನ್ನು ಕೊಟ್ಟಿತು. ಅದೇ ಕೋಲನ್ನು ಈಗ ಒಮ್ಮೆ ಕಿಟಕಿಯ ಹೊರಗೆ ತಿರುಗಿಸಿ ನಮ್ಮ ಮಕ್ಕಳಿಗೆ ನಮ್ಮ ಬೆಟ್ಟವನ್ನೂ ನಮ್ಮ ಕೆರೆಯನ್ನೂ ತೋರಿಸಬೇಕೆಂದು ಬೇಡುತ್ತೇವೆ. ಶಾಲೆ ಮತ್ತೊಂದು ನೂರು ವರ್ಷ ಬಾಳಲಿ. ಕೆರೆಗಳು ಕೋಡಿ ಬೀಳಲಿ.